ಸಹಾಯ ಬೇಕು: ಐಸ್ ಹಾಕಿಯಲ್ಲಿ ಮಗಳ ತಲೆಗೆ ಪೆಟ್ಟು, ಪುಣೆಯಲ್ಲಿ ಯಾರಿಗೆ ತೋರಿಸಲಿ?

ಪುಣೆ ಕನ್ನಡಿಗರಿಗೆ ನಮಸ್ಕಾರ. ಮಗಳಿಗೆ 12 ವರ್ಷ. ಇಲ್ಲಿ ಇನ್‌ಲೈನ್ ಸ್ಕೇಟಿಂಗ್ ಕಲಿತು, ಈ ಚಳಿಗಾಲ ಲೇಹ್‌ನಲ್ಲಿ ಐಸ್ ಹಾಕಿ ಕ್ಯಾಂಪಿಗೆ ಹೋಗಿದ್ದಳು. ಅಲ್ಲಿ ಅಂಗಾತ ಬಿದ್ದಳು. ಹೆಲ್ಮೆಟ್ ಒಳಗಿನ ಫೋಮ್ ಹಿಂದುಗಡೆ ಉಗುರಿನಷ್ಟು ಅಗಲ ಬಿರುಕು ಬಿಟ್ಟಿದೆ. ಅದನ್ನಂತೂ ಇನ್ನು ಹಾಕಿಸುವುದಿಲ್ಲ.

ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ. ಆದರೆ ಕನ್ಕಷನ್ (ಪೆಟ್ಟಿಗೆ ಮೆದುಳು ಅಲುಗಿ ಆಗುವ ತೊಂದರೆ) ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ಅಲ್ವಾ? ಓದಲು ಕೂತರೆ ತಲೆನೋವು, ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಇಲ್ಲಿಯ ಕೋಚ್ ‘ಸುಮ್ನೆ ಹೆದರ್ತೀರಿ, ಕಳಿಸಿ’ ಅನ್ನುತ್ತಾರೆ. ಕಳಿಸಲ್ಲ. ಮೊದಲು ಶಾಲೆ, ಆಮೇಲೆ ನಡಿಗೆ, ಹಗುರ ಸ್ಕೇಟಿಂಗ್, ಹೀಗೆ ಒಂದೊಂದೇ ಮೆಟ್ಟಿಲು, ಪ್ರತಿಯೊಂದಕ್ಕೂ ಕನಿಷ್ಠ 24 ಗಂಟೆ. ಮೈಗೆ ಮೈ ತಾಗುವ ಆಟ ಡಾಕ್ಟರ್ ಒಪ್ಪಿದ ಮೇಲೆಯೇ.

ಮಕ್ಕಳ ಕನ್ಕಷನ್ ನೋಡಿ ಅನುಭವ ಇರುವ ನ್ಯೂರಾಲಜಿಸ್ಟ್ ಅಥವಾ ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೋಥ್ರೂಡ್ ಕಡೆಯಾದರೆ ಒಳ್ಳೆಯದು, ಕಾರಿನಲ್ಲಿ ಜಾಸ್ತಿ ಹೊತ್ತು ಕೂತರೆ ಅವಳಿಗೆ ತಲೆ ಸುತ್ತುತ್ತದೆ.

ಇನ್ನೊಂದು ವಿಷಯ. ಸ್ಕೇಟ್ ಬ್ಲೇಡ್ ತಾಗಿದರೂ ಕುತ್ತಿಗೆ ಕಾಯುವ ನೆಕ್ ಗಾರ್ಡ್ ಬೇಕು. ಅಮೆರಿಕದ ಹಾಕಿ ಸಂಸ್ಥೆ 2024ರ ಆಗಸ್ಟ್‌ನಿಂದ 18ರೊಳಗಿನವರಿಗೆ ಇದನ್ನು ಕಡ್ಡಾಯ ಮಾಡಿದೆ. ಅಲ್ಲಿಂದ ಯಾರಾದರೂ ಬರುವವರಿದ್ದರೆ ಒಂದು ತಂದುಕೊಡುತ್ತೀರಾ? ದುಡ್ಡು ಮುಂಚೆಯೇ ಕಳಿಸುತ್ತೇನೆ.