ಮಡಿಕೇರಿಗೊಂದು ಕೂಲರ್

"ಎಷ್ಟಂತೆ?"

"12,000."

"ಯಾತಕ್ಕೆ?"

"ತಂಪು ಮಾಡೋಕೆ."

ನಂಜಪ್ಪ ಕಾಫಿ ಲೋಟ ಕೆಳಗಿಟ್ಟ. ಹೊರಗೆ ಕಕ್ಕಡ ಮಾಸದ ಮಳೆ ಬಿಡದೆ ಹುಯ್ಯುತ್ತಿತ್ತು. ಜಗುಲಿಯ ಹಗ್ಗದ ಮೇಲೆ ಹೋದ ವಾರ ಒಗೆದ ಬನಿಯನ್ನು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮಡಿಕೇರಿಯಲ್ಲಿ? ಈ ತಿಂಗಳಲ್ಲಿ? ದುಡ್ಡು ಕೊಟ್ಟು ತಂಪು ತಗೊಳ್ತೀಯಾ? ಕಿಟಕಿ ತೆಗಿ ಮಾರಾಯ, ಪುಕ್ಕಟೆ ಬರುತ್ತೆ."

"ನನಗಲ್ಲ, ಮಗ ಅಯ್ಯಪ್ಪನ ಕಂಪ್ಯೂಟರಿಗೆ" ಎಂದ ಬೋಪಣ್ಣ. "ಗೇಮ್ ಆಡುವಾಗ ಪ್ರೊಸೆಸರ್ ಕಾದುಬಿಡುತ್ತಂತೆ. ಶತ್ರು ಎದುರಿಗೆ ಬಂದಾಗಲೇ ಚಿತ್ರ ತಡೆತಡೆದು ಓಡುತ್ತಂತೆ. ಸರಿಹೋಗೋಷ್ಟರಲ್ಲಿ ಇವನು ಸತ್ತಿರ್ತಾನೆ."

"ಬ್ರೆನ್ ಗನ್ನಿಗೂ ಹೀಗೇ ಆಗ್ತಿತ್ತು" ಎಂದರು ಸುಬೇದಾರ್ರು. "ಬ್ಯಾರೆಲ್ ಕಾದರೆ ಬಿಚ್ಚಿ ಬೇರೆ ಹಾಕ್ತಿದ್ದೆವು. ಇದಕ್ಕೆ ಬ್ಯಾರೆಲ್ ಎಲ್ಲಿದೆ?"

ರಫೀಕ್ ನಕ್ಕ. ಊರಿನ ಕಂಪ್ಯೂಟರ್‌ಗಳೆಲ್ಲ ಅವನ ಕೈಯಲ್ಲೇ ಬದುಕಿರೋದು. "ಅದು ಸುಟ್ಟು ಹೋಗಲ್ಲ ಸುಬೇದಾರ್ರೇ. 95, 100 ಡಿಗ್ರಿ ಹತ್ತಿರ ಬಂದ್ರೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಸೆಕೆಂಡಿಗೆ 60 ಚಿತ್ರ ಬರಬೇಕು ಅಂದ್ರೆ ಒಂದೊಂದಕ್ಕೂ ಸಿಗೋದು 16 ಮಿಲಿಸೆಕೆಂಡ್ ಚಿಲ್ಲರೆ. ವೇಗ ಇಳಿದ್ರೆ ಅಷ್ಟರೊಳಗೆ ಮುಗಿಯಲ್ಲ. ಅದೇ ಜರ್ಕ್."

"ಅಂದ್ರೆ ಬಿಸಿ ಆದ್ರೆ ನಿಧಾನ ಮಾಡುತ್ತೆ" ಎಂದ ನಂಜಪ್ಪ. "ನಮ್ಮ ತೋಟದ ರೈಟರ್ ತಣ್ಣಗಿದ್ದೇ ಅಷ್ಟು ಮಾಡ್ತಾನೆ. ಸರಿ, 12,000ಕ್ಕೆ ಏನೇನು ಕೊಡ್ತಾರೆ?"

"ಒಂದು ಪಂಪು, ಎರಡು ಪೈಪು, ಒಂದು ರೇಡಿಯೇಟರ್, ಮೂರು ಫ್ಯಾನ್. ಫ್ಯಾನಿಗೆಲ್ಲ ಬಣ್ಣದ ದೀಪ."

"ದೀಪದಿಂದ ತಂಪಾಗುತ್ತಾ?"

"ಇಲ್ಲ. ಚೆಂದ ಕಾಣುತ್ತೆ."

"ದಸರಾದಲ್ಲಿ 10 ಮಂಟಪ ಹೊರಡುತ್ತೆ ಈ ಊರಲ್ಲಿ. ಸಾಲದು ಅಂತ ಹನ್ನೊಂದನೆಯದು ಮೇಜಿನ ಕೆಳಗೆ! ರಾತ್ರಿಯಿಡೀ ನೀಲಿ, ಕೆಂಪು, ಹಸಿರು. ರಾಕ್ಷಸನ ಸಂಹಾರ ಒಂದು ಬಾಕಿ."

"ಅದೂ ಆಡ್ತಾನೆ" ಎಂದ ಬೋಪಣ್ಣ. ಹೋದ ವರ್ಷ ಕೈಲ್ ಮುಹೂರ್ತದ ದಿನ ಅಯ್ಯಪ್ಪ ಕೋವಿಯ ಪಕ್ಕದಲ್ಲಿ ಮೌಸ್ ಇಟ್ಟು, ಅದಕ್ಕೂ ಕೋವಿಗೆ ಸಿಕ್ಕಿಸೋ ತೋಕ್ ಪೂ ಹೂವೊಂದನ್ನು ಸಿಕ್ಕಿಸಿದ್ದನಂತೆ. ಆಯುಧ ಪೂಜೆ ಅಲ್ವಾ ಅಂದನಂತೆ. ಸುಬೇದಾರ್ರು ಅದಕ್ಕೆ ಏನೂ ಹೇಳಲಿಲ್ಲ. ಮೀಸೆ ಮಾತ್ರ ಅಲ್ಲಾಡಿತು.

"ಒಂದು ಮಾತು ಹೇಳು ರಫೀಕಾ" ಎಂದ ನಂಜಪ್ಪ. "ಈ ಪಂಪು, ಫ್ಯಾನು, ಇವೆಲ್ಲ ಕೋಣೆಯ ಗಾಳಿಗಿಂತ ತಣ್ಣಗೆ ಮಾಡ್ತವಾ?"

"ಇಲ್ಲ. ಫ್ರಿಜ್ ಅಲ್ವಲ್ಲ ಅದು. ರಾಯಚೂರಲ್ಲಿ ಬೇಸಿಗೆಗೆ 40 ಡಿಗ್ರಿ ಗಾಳಿ ಇಟ್ಟುಕೊಂಡು ತಂಪು ಮಾಡಬೇಕು. ಇಲ್ಲಿ 20."

"ಅರ್ಧ ಕೆಲಸ ದೇವರೇ ಮಾಡಿಕೊಟ್ಟಿದ್ದಾನೆ. ಉಳಿದರ್ಧಕ್ಕೆ 12,000ವಾ?"

"ಹಾಗಾದ್ರೆ ಡಬ್ಬಿ ತಂದು ಜಗುಲಿಯಲ್ಲಿ ಇಟ್ಟರೆ?" ಸುಬೇದಾರ್ರ ಸಲಹೆ.

"ತಂಪಾಗುತ್ತೆ. ಎರಡನೇ ದಿನ ಪಾಚಿ ಹಿಡಿಯುತ್ತೆ."

ಮಾತಿಗೆ ಮಾತು ಬೆಳೆದು ಎಲ್ಲರೂ ಅಯ್ಯಪ್ಪನ ಕೋಣೆಗೇ ಹೋದೆವು. ಮನೆಯಲ್ಲಿ ಬೆಚ್ಚಗಿದ್ದ ಕೋಣೆ ಅದೊಂದೇ. ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಪರದೆಯ ಮೂಲೆಯಲ್ಲಿ 98 ಅಂತ ಕೆಂಪಗೆ ತೋರಿಸುತ್ತಿತ್ತು. ರಫೀಕ್ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದ. ನೋಡಿ, ಒಂದೊಂದಾಗಿ ಎಳೆದ. ಉಣ್ಣೆಯ ಕಾಲುಚೀಲ. ಮಂಕಿ ಕ್ಯಾಪು. ಬೋಪಣ್ಣನ ಪಟಾಪಟಿ ಚಡ್ಡಿ.

"ಬಿಸಿಗಾಳಿ ಹೊರಗೆ ಹೋಗೋ ಜಾಗ ಇದು!"

"ಗೊತ್ತು" ಎಂದರು ಅಜ್ಜಿ. "ಅದಕ್ಕೇ ಹಾಕಿದ್ದು."

ಚಡ್ಡಿ ತೆಗೆದದ್ದೇ 98 ಇದ್ದದ್ದು 89ಕ್ಕೆ ಇಳಿಯಿತು. ಆಮೇಲೆ ಕರೆಂಟ್ ತೆಗೆದು ಮುಚ್ಚಳ ಬಿಚ್ಚಿದ. ಪ್ರೊಸೆಸರಿನ ಬಿಸಿ ಹೀರೋ ಲೋಹದ ಹೀಟ್‌ಸಿಂಕಿನ ಸಂದಿಯಲ್ಲಿ ನಾಯಿಕೂದಲೂ ಧೂಳೂ ತೇವಕ್ಕೆ ಸೇರಿಕೊಂಡು ಚಾಪೆಯಂತೆ ಗಟ್ಟಿಯಾಗಿತ್ತು. ಕೆಳಗೆ ಪ್ರೊಸೆಸರಿನ ಮೇಲೆ, ಬಿಸಿ ದಾಟಿಸೋಕೆ ಅಂತ ಹಚ್ಚಿದ್ದ ಪೇಸ್ಟ್ ಒಣಗಿ ಬಿರುಕು ಬಿಟ್ಟು, ಉಗುರು ತಾಗಿದರೆ ಉದುರುತ್ತಿತ್ತು. ಒರೆಸಿ, ಕಾಳುಮೆಣಸಿನಷ್ಟು ಹೊಸ ಪೇಸ್ಟ್ ಇಟ್ಟು, ಮೇಲೆ ಹೀಟ್‌ಸಿಂಕ್ ಕೂರಿಸಿ, ಸ್ಕ್ರೂಗಳನ್ನು ಒಂದು ಬಿಟ್ಟು ಎದುರಿನದು ಅಂತ ಸ್ವಲ್ಪ ಸ್ವಲ್ಪವೇ ಬಿಗಿದ. ಗೇಮಿನ ವೇಗಕ್ಕೆ 60ರ ಮಿತಿಯನ್ನೂ ಹಾಕಿದ. ಸುಮ್ನೆ 140 ಓಡಿಸಿ ಕಾಯಿಸೋದು ಯಾಕೆ ಅಂತ. ಅಯ್ಯಪ್ಪ ಮತ್ತೆ ಆಡಲು ಕೂತ. 72. ಎಲ್ಲೂ ಜರ್ಕ್ ಇಲ್ಲ.

"300 ಕೊಡಿ" ಎಂದ ರಫೀಕ್.

ನಂಜಪ್ಪನ ಮುಖ ನೋಡಬೇಕಿತ್ತು. ತಾನೇ ಪೇಸ್ಟ್ ಕಂಡುಹಿಡಿದವನ ಹಾಗೆ ನಿಂತಿದ್ದ.

ಅಜ್ಜಿಗೆ ಮಾತ್ರ ಚಿಂತೆ. "ತಂಪಾಯ್ತಾ? ಹಾಗಾದ್ರೆ ಕೋಣೆ ಬೆಚ್ಚಗಿರಲ್ವಾ?"

"ಇರುತ್ತೆ ಅಜ್ಜಿ. ಬಿಸಿ ಎಲ್ಲೂ ಹೋಗಲ್ಲ, ಪ್ರೊಸೆಸರ್ ಬಿಟ್ಟು ನಿಮ್ಮ ಹತ್ತಿರ ಬರುತ್ತೆ."

ಅಯ್ಯಪ್ಪ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ "ಹಿಂದೆ ನೋಡು, ಹಿಂದೆ" ಎಂದ. ಅಜ್ಜಿ ಹಿಂದೆ ತಿರುಗಿ ನೋಡಿದರು. ದಿನಾ ಹೀಗೇ ಅಂತೆ. ಅವನು "ಊಟ ಆಯ್ತಾ" ಅಂತ ಹೈದರಾಬಾದಿನ ಗೆಳೆಯನನ್ನು ಕೇಳಿದರೆ, "ಆಯ್ತು ಮಗಾ" ಅಂತ ಇವರು ಹೇಳ್ತಾರೆ. ಬೇರೆ ಮಾತು ಅವರಿಬ್ಬರ ನಡುವೆ ಜಾಸ್ತಿ ಇಲ್ಲ.

"ಮುಂದಿನ ತಿಂಗಳು ಬೆಂಗಳೂರು ಕಾಲೇಜು" ಎಂದ ಬೋಪಣ್ಣ ಮೆಲ್ಲಗೆ. "ಡಬ್ಬಿ ಸಮೇತ ಹೊರಡ್ತಾನೆ."

"ಅಲ್ಲಿ ಇಷ್ಟು ಚಳಿ ಇಲ್ವಲ್ಲ" ಎಂದರು ಅಜ್ಜಿ. "ಇದನ್ನ ಇಲ್ಲೇ ಬಿಟ್ಟು ಹೋಗಲಿ."

"ಬಿಡಿಸಿಕೊಳ್ಳಿ ಅಜ್ಜಿ, ಒಳ್ಳೇದು" ಎಂದ ನಂಜಪ್ಪ. "ನಮ್ಮನ್ನ ನೋಡೋಕೆ ಬರ್ತಾನೋ ಇಲ್ವೋ, ಇದನ್ನ ನೋಡೋಕೆ ಪ್ರತಿ ರಜೆಗೂ ಬರ್ತಾನೆ."

ಅಜ್ಜಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಮಗನನ್ನು ಕರೆದರು.

"ಬೋಪಣ್ಣಾ, ಆ 12,000ದ್ದು ತರಿಸಿಬಿಡು. ದೀಪ ಇರೋದೇ."

"ಅಜ್ಜೀ!" ಎಂದ ನಂಜಪ್ಪ.

"ನೀನು ಸುಮ್ನಿರು. ಆ ಚಡ್ಡಿ ಎಲ್ಲಿಟ್ಟೆ, ಇತ್ಲಾಗೆ ಕೊಡು."