ಸಹಾಯ ಬೇಕು: ಸ್ಲೈಡ್‌ಔಟ್‌ನ ಹಿಂದಿನ ಲಾಕ್ ತೋಳು ಬಿಡುತ್ತಿಲ್ಲ

ಅಮೆರಿಕದಲ್ಲಿ ಹಳೇ ಮೋಟಾರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ರಿಪೇರಿ ಗೊತ್ತಿರುವವರು ದಯವಿಟ್ಟು ನೋಡಿ. ನಮ್ಮದು ಹೈಡ್ರಾಲಿಕ್ ಸ್ಲೈಡ್‌ಔಟ್, ಅಂದರೆ ಆಯಿಲ್ ಒತ್ತಡದಿಂದ ಗಾಡಿಯ ಹೊರಕ್ಕೆ ಚಾಚುವ ರೂಮ್; ಅದನ್ನು ಒಳಗೆ ಹಿಡಿದಿಡಲು ಎರಡು ಲಾಕ್ ತೋಳುಗಳು. ಅನ್‌ಲಾಕ್ ಒತ್ತಿದರೆ ಮುಂದಿನ ತೋಳು ಪೂರ್ತಿ ಏಳುತ್ತೆ, ಹಿಂದಿನದರ ಕೊಕ್ಕೆ ಪಿನ್‌ಗೆ ಕಚ್ಚಿಕೊಂಡೇ ಇರುತ್ತೆ.

ನೋಡಿದ್ದಿಷ್ಟು: ಪಂಪ್ ಓಡುವಾಗ ಹಿಂದಿನ ತೋಳಿನ ಸೊಲೆನಾಯ್ಡ್ ವಾಲ್ವ್‌ಗೆ (ಕರೆಂಟ್‌ನಿಂದ ನಡೆಯುವ ಆಯಿಲ್ ವಾಲ್ವ್) 12.2 ವೋಲ್ಟ್ ಬರ್ತಿದೆ, ಕಾಯಿಲ್ ಸ್ಕ್ರೂಡ್ರೈವರ್ ತುದಿಯನ್ನು ಎಳೆಯುತ್ತೆ. ಅರ್ಥಿಂಗ್ ತಂತಿ ಉಜ್ಜಿ ಬಿಗಿ ಮಾಡಿದ್ದಾಯ್ತು. ರೂಮ್ ಪೂರ್ತಿ ಒಳಗಿಟ್ಟು, ಗಾಡಿಯ ಜ್ಯಾಕ್‌ಗಳನ್ನು ನೆಲದಿಂದ ಮೇಲೆತ್ತಿಟ್ಟು ನೋಡಿದರೆ ಆಯಿಲ್ ಮಟ್ಟವೂ ಸರಿ. ಆದರೆ ಇಬ್ಬರು ಹೊರಗಿನಿಂದ ರೂಮನ್ನು ಒಳಕ್ಕೆ ಒತ್ತಿ ಹಿಡಿದರೆ ತೋಳು ತಟ್ಟನೆ ಬಿಡುತ್ತೆ! ಹಾಗಾಗಿ ಅನುಮಾನ ಪಿನ್ ಮೇಲೆಯೇ: ರೂಮ್ ಹಿಂಬದಿ ಸ್ವಲ್ಪ ಹೊರಗೆ ಸರಿದು, ಭಾರವೆಲ್ಲ ಕೊಕ್ಕೆಗೆ ಬೀಳ್ತಿರಬೇಕು.

ಪಿನ್ ಬ್ರಾಕೆಟ್‌ನ ಉದ್ದ ತೂತಿನ ಬೋಲ್ಟ್ ಸಡಿಲಿಸಿ ಸರಿಸಿದರೆ ಸಾಕಾ, ಇಲ್ಲಾ ಮೊದಲು ರೂಮನ್ನೇ ಸಮ ಮಾಡಬೇಕಾ? ಕೊಕ್ಕೆಗೂ ಪಿನ್‌ಗೂ ಎಷ್ಟು ಮಿಲಿಮೀಟರ್ ಸಂದು ಬಿಡ್ತೀರಿ? ತೋಳಿನ ಸಿಲಿಂಡರ್ ಸೀಲ್ ಒಳಗೇ ಸೋರುತ್ತಿದ್ದರೆ, ಹೋಸ್ ಬಿಚ್ಚದೆ ಪತ್ತೆ ಹಚ್ಚೋದು ಹೇಗೆ?

"ಒಂದ್ಸಲ ಜೋರಾಗಿ ಎಕ್ಸ್‌ಟೆಂಡ್ ಒತ್ತಿ" ಅಂತ ಮಾತ್ರ ಹೇಳಬೇಡಿ. ಒಂದು ತೋಳು ಕಚ್ಚಿರುವಾಗ ಹೊರಕ್ಕೆ ತಳ್ಳಿದರೆ ರೂಮ್ ಓರೆಯಾಗುತ್ತೆ, ರಬ್ಬರ್ ಸೀಲ್ ಹರಿಯುತ್ತೆ, ತೋಳೂ ಬಾಗುತ್ತೆ.