ಸೆನ್ಸಾರ್ ಮೊದಲೋ, ಮನುಷ್ಯತ್ವ ಹೋಗೋದು ಮೊದಲೋ?

ಗವಿಬೆಟ್ಟ (ಕೊಪ್ಪಳ):

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕ ಹಿಡಿದು ಮಾತಾಡುತ್ತೇವೆ. ಈ ಸಲ ರೇ ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451' ತಗೊಂಡಿದ್ದೆವು. 1953ರ ಕಾದಂಬರಿ. ಅದರಲ್ಲಿ ಫೈರ್ ಇಂಜಿನ್‌ನವರು ಬೆಂಕಿ ಆರಿಸುವುದಿಲ್ಲ, ಪುಸ್ತಕ ಬಚ್ಚಿಟ್ಟವರ ಮನೆಗೆ ಸೀಮೆಎಣ್ಣೆ ಸುರಿದು ಸುಡುತ್ತಾರೆ. ಕಥಾನಾಯಕ ಮಾಂಟಾಗ್ ಅಂಥ ಒಬ್ಬ ನೌಕರ.

ಅವನ ಮೇಲಧಿಕಾರಿ ಬೀಟಿ ಒಂದು ಕಡೆ ಉದ್ದಕ್ಕೆ ಭಾಷಣ ಮಾಡುತ್ತಾನೆ. ಇದನ್ನು ಸರ್ಕಾರ ಶುರು ಮಾಡಿದ್ದಲ್ಲ, ಜನರೇ ಓದುವುದು ಬಿಟ್ಟರು, ಎಲ್ಲಾ ಚಿಕ್ಕದಾಗಿ, ಬೇಗ ಮುಗಿಯುವಂಗೆ ಬೇಕು ಅಂದರು, ಇದು ನಮ್ಮವರಿಗೆ ನೋವು ಮಾಡುತ್ತೆ, ಅದು ಅವರಿಗೆ ಅವಮಾನ ಅಂತ ಒಬ್ಬೊಬ್ಬರೂ ಒಂದೊಂದನ್ನು ತೆಗೆಸಿದರು, ನಾವು ಬಂದಿದ್ದು ಕಡೆಗೆ ಅನ್ನುತ್ತಾನೆ. ನಮ್ಮ ಬಳಗದ ಹುಡುಗರಲ್ಲಿ ಜಾಸ್ತಿ ಜನ "ಸರ್, ಅವನು ಹೇಳಿದ್ದು ಕರೆಕ್ಟ್ ಅಲ್ವಾ, ಬಸ್ಸಿನಲ್ಲಿ ನೋಡಿ, ಎಲ್ಲರ ತಲೆ ಮೊಬೈಲ್‌ನಲ್ಲೇ" ಅಂದರು. ನನಗೆ ಒಪ್ಪಲೂ ಆಗಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಪುಸ್ತಕ ಸುಡುವ ದೃಶ್ಯ ಅಲ್ಲ. ಮಾಂಟಾಗ್‌ಗೆ ಪಕ್ಕದ ಮನೆಯ ಕ್ಲಾರಿಸ್ ಅನ್ನೋ ಹುಡುಗಿ ಪರಿಚಯವಾಗಿರುತ್ತಾಳೆ. ಎಷ್ಟೋ ದಿನದಿಂದ ಕಾಣುತ್ತಿಲ್ಲವಲ್ಲ ಅಂತ ರಾತ್ರಿ ಮಲಗಿದಾಗ ಹೆಂಡತಿ ಮಿಲ್ಡ್ರೆಡ್‌ಳನ್ನು ಕೇಳುತ್ತಾನೆ. ಅವಳು ಸತ್ತಿರಬೇಕು, ಕಾರು ಹಾಯಿತು, ನಾಲ್ಕು ದಿನ ಆಯ್ತು ಅನ್ನುತ್ತಾಳೆ ಇವಳು. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಮರೆತೆ ಅನ್ನುತ್ತಾಳೆ. ಅಷ್ಟೇ. ಆ ಪುಟ ದಾಟಿ ಮುಂದೆ ಓದುವುದಕ್ಕೇ ಆಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಇಂಥ ಕಾದಂಬರಿಗಳಲ್ಲಿ ಸೆನ್ಸಾರ್ ಬಂದು ಜನರನ್ನು ಹಿಂಗೆ ಮಾಡುತ್ತದಾ, ಇಲ್ಲಾ ಜನ ಹಿಂಗಾದ ಮೇಲೆ ಸೆನ್ಸಾರ್ ಸುಲಭವಾಗುತ್ತದಾ?

ಮಸ್ಕಿ ಹುಡುಗಿ (ರಾಯಚೂರು):

ಅಣ್ಣಾ, ಬೀಟಿ ಮಾತನ್ನು ಹಾಗೇ ನಂಬಬೇಡಿ. ಸೀಮೆಎಣ್ಣೆ ಪೈಪು ಕೈಯಲ್ಲಿ ಹಿಡಿದವನು "ನೀವೇ ಕೇಳಿದ್ರಿ" ಅಂತ ಹೇಳದೆ ಇನ್ನೇನು ಹೇಳುತ್ತಾನೆ? ಜನರಿಗೆ ಪುಸ್ತಕ ಬೇಡವೇ ಬೇಡ ಅನ್ನೋದಾಗಿದ್ದರೆ ರಾತ್ರಿಯೆಲ್ಲಾ ಸೈರನ್ ಹಾಕಿಕೊಂಡು ಓಡಾಡುವ ಕೆಲಸ ಏನಿತ್ತು? ವಾಸನೆ ಹಿಡಿದು ಬೆನ್ನಟ್ಟುವ ಯಂತ್ರದ ನಾಯಿ ಯಾಕೆ ಬೇಕಿತ್ತು? ಅದೇ ಕಾದಂಬರಿಯಲ್ಲಿ ಒಬ್ಬ ಮುದುಕಿ ತನ್ನ ಪುಸ್ತಕ ಬಿಟ್ಟು ಹೊರಗೆ ಬರಲ್ಲ ಅಂತ ತಾನೇ ಕಡ್ಡಿ ಗೀರುತ್ತಾಳೆ. ಅವಳೂ ಆ ಜನರಲ್ಲಿ ಒಬ್ಬಳೇ ತಾನೇ? ಇನ್ನೊಂದು ನೋಡಿ, ಬೀಟಿ ಸ್ವತಃ ಚೆನ್ನಾಗಿ ಓದಿಕೊಂಡವನು, ಪುಸ್ತಕದ ಸಾಲುಗಳನ್ನು ಪಟಪಟ ಬಾಯಲ್ಲಿ ಹೇಳುತ್ತಾನೆ. ತಾನು ಓದಿ ಬೇರೆಯವರಿಗೆ ಬೇಡ ಅನ್ನುವವನು ಅವನು.

ಝಮ್ಯಾಟಿನ್ ಬರೆದ 'ನಾವು' ಓದಿ. ರಷ್ಯನ್ ಕಾದಂಬರಿ, 1920-21ರಲ್ಲಿ ಬರೆದದ್ದು. ಜನರಿಗೆ ಹೆಸರೇ ಇಲ್ಲ, ನಂಬರ್ ಇದೆ. ಗಾಜಿನ ಗೋಡೆಯ ಮನೆಗಳು. ಕಡೆಗೆ ತಲೆಯಿಂದ ಕಲ್ಪನೆಯನ್ನೇ ತೆಗೆಯುವ ಆಪರೇಷನ್ ಮಾಡುತ್ತಾರೆ, ಅದೂ ಹಿಡಿದು ಕಟ್ಟಿಹಾಕಿ. ಅದನ್ನು ಯಾರು ಕೇಳಿದ್ದರು? ಆ ಪುಸ್ತಕ 1924ರಲ್ಲೇ ಇಂಗ್ಲಿಷ್‌ನಲ್ಲಿ ಬಂತು, ಅವನ ಸ್ವಂತ ದೇಶದಲ್ಲಿ ಅಚ್ಚಾಗಲು 1988 ಆಗಬೇಕಾಯಿತು. 1931ರಲ್ಲಿ ಸ್ಟಾಲಿನ್‌ಗೇ ಪತ್ರ ಬರೆದು ದೇಶ ಬಿಟ್ಟು ಹೋಗಲು ಅನುಮತಿ ಕೇಳಿದ. ಓದುಗರು ಬೇಡ ಅಂದಿದ್ದಕ್ಕೆ ನಿಂತ ಪುಸ್ತಕ ಅಲ್ಲ ಅದು.

ಕೋಟೆ ಕೆಳಗೆ (ಬಳ್ಳಾರಿ):

ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುವವನು. ಅದಕ್ಕೋ ಏನೋ, ಆರ್ವೆಲ್‌ನ '1984' ಕಾದಂಬರಿಯಲ್ಲಿ ಕಥಾನಾಯಕ ವಿನ್‌ಸ್ಟನ್‌ನ ಕೆಲಸ ನನಗೆ ಮರೆಯಲು ಆಗಿಲ್ಲ. ಹಳೇ ಪೇಪರ್ ತೆಗೆದು, ದೇಶ ಆಳುವ ಪಾರ್ಟಿಗೆ ಈಗ ಬೇಡವಾದ ಸುದ್ದಿ ಬದಲಾಯಿಸಿ, ಹೊಸದಾಗಿ ಅಚ್ಚು ಹಾಕಿಸಿ ಹಳೇ ತಾರೀಖಿನಲ್ಲೇ ಇಡಿಸೋದು. ಒಬ್ಬ ಮನುಷ್ಯನ ಹೆಸರು ಇರಬಾರದು ಅಂತ ಅಪ್ಪಣೆ ಬಂದಾಗ, ಆ ಜಾಗಕ್ಕೆ ಹುಟ್ಟೇ ಇರದ ಒಬ್ಬ ಸೈನಿಕನನ್ನು ಸೃಷ್ಟಿಸಿ, ಬಾಲ್ಯ, ಶೌರ್ಯ, ಸಾವು ಎಲ್ಲಾ ಬರೆದುಬಿಡುತ್ತಾನೆ. ನಾವೆಲ್ಲಾ ಸೆನ್ಸಾರ್ ಅಂದರೆ ಕತ್ತರಿ ಅಂದುಕೊಳ್ಳುತ್ತೇವೆ. ಕತ್ತರಿಸಿದ ಜಾಗ ಖಾಲಿ ಕಂಡರೆ ಓದುವವನಿಗೆ ಏನೋ ಹೋಗಿದೆ ಅಂತಾದರೂ ಗೊತ್ತಾಗುತ್ತದೆ. ಇಲ್ಲಿ ಖಾಲಿ ಕಾಣುವುದೇ ಇಲ್ಲ.

ಆದರೆ ನನಗೆ ಭಯ ಆಗಿದ್ದು ಬೇರೆ. ಅವನ ಬದುಕಿನಲ್ಲಿ ಅತಿ ದೊಡ್ಡ ಖುಷಿ ಅಂದರೆ ಆ ಕೆಲಸವೇ ಅಂತ ಆರ್ವೆಲ್ ಬರೆಯುತ್ತಾನೆ! ಪಾರ್ಟಿಯನ್ನು ದ್ವೇಷಿಸುವವನು, ಆದರೂ ಕಷ್ಟದ ಒಂದು ತಿದ್ದುಪಡಿ ನೀಟಾಗಿ ಕೂತರೆ ಅವನಿಗೆ ತೃಪ್ತಿ. ಆ ತೃಪ್ತಿ ನನಗೆ ಗೊತ್ತು. ಉಳಿದ ಒಂದು ಸಾಲನ್ನು ಪುಟದೊಳಗೆ ಕೂರಿಸಿದಾಗ ಬರುತ್ತದಲ್ಲ, ಅದೇ. ಮನುಷ್ಯತ್ವ ಹೋಗೋದು ಬರೀ ಸುಡುವವರಲ್ಲಿ ಅಲ್ಲ, ಕೆಲಸ ಚೆನ್ನಾಗಿ ಮಾಡುವವರಲ್ಲೂ ಹೋಗುತ್ತದೆ. ಅವನ ನೆರೆಮನೆಯ ಪಾರ್ಸನ್ಸ್‌ನನ್ನು ಏಳು ವರ್ಷದ ಮಗಳೇ ಹಿಡಿದುಕೊಡುತ್ತಾಳೆ. ಲಾಕಪ್‌ನಲ್ಲಿ ಕೂತು ಅವನು ಮಗಳ ಬಗ್ಗೆ ಹೆಮ್ಮೆ ಪಡುತ್ತಾನೆ. ಹಾಗಾಗಿ ಯಾವುದು ಮೊದಲು ಅನ್ನೋ ಪ್ರಶ್ನೆಗೆ ನನ್ನ ಉತ್ತರ, ಎರಡೂ ಜೊತೆಜೊತೆಗೇ ನಡೆಯುತ್ತವೆ.

ಹಳೇ ಮೇಷ್ಟ್ರು (ಲಿಂಗಸುಗೂರು):

ತಮ್ಮಾ, ನೀವೆಲ್ಲಾ ಎರಡು ಬೇರೆ ಸಂಗತಿ ಕಲಸಿಬಿಟ್ಟಿದ್ದೀರಿ. ಹೆದರಿ ಸುಮ್ಮನಿರೋದು ಬೇರೆ, ಏನೂ ಅನ್ನಿಸದೆ ಸುಮ್ಮನಿರೋದು ಬೇರೆ.

ನಮ್ಮ ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮುಂದೆ ಓದಬೇಕೆಂದರೆ ಉರ್ದುವಿನಲ್ಲೇ ಓದಬೇಕಿತ್ತು, ಸಭೆ ಸೇರಬೇಕೆಂದರೆ ಸರ್ಕಾರದ ಅಪ್ಪಣೆ ಬೇಕಿತ್ತು. ನಮ್ಮ ಅಪ್ಪ ಆ ಕಾಲ ಕಂಡವರು. ಜನ ಹೆದರಿದ್ದರು, ನಿಜ. ಆದರೆ ಹೆದರಿದವನು ದನಿ ತಗ್ಗಿಸಿಯಾದರೂ ಪಕ್ಕದವನಿಗೆ ಹೇಳುತ್ತಾನೆ. ತುರ್ತು ಪರಿಸ್ಥಿತಿ ನನಗೇ ನೆನಪಿದೆ. 1975ರ ಜೂನ್‌ನಲ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಾಗ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಬಳ್ಳಾರಿಯವರು ಹೇಳಿದ ಹಾಗೆ, ಖಾಲಿ ಕಂಡರೆ ಓದುವವನಿಗೆ ಗೊತ್ತಾಗುತ್ತದೆ. ಮಿಲ್ಡ್ರೆಡ್‌ಗೆ ಹೆದರಿಕೆ ಇಲ್ಲ. ಹೇಳಲು ಏನೂ ಇಲ್ಲ ಅವಳ ಹತ್ತಿರ. ಕಾದಂಬರಿಕಾರ ಎಚ್ಚರಿಸುತ್ತಿರುವುದು ಅದರ ಬಗ್ಗೆ.

ಆ ಕಾದಂಬರಿಯ ಕೊನೆಯನ್ನು ಯಾರೂ ಎತ್ತಲಿಲ್ಲ ನೋಡಿ. ಊರಾಚೆ ರೈಲು ಹಳಿ ಪಕ್ಕ ಕೆಲವರು ಇರುತ್ತಾರೆ, ಒಬ್ಬೊಬ್ಬರೂ ಒಂದೊಂದು ಪುಸ್ತಕ ಬಾಯಿಪಾಠ ಮಾಡಿಕೊಂಡವರು. ಇದು ನನಗೆ ಕಟ್ಟುಕಥೆ ಅನ್ನಿಸಲೇ ಇಲ್ಲ. ಅಮಾವಾಸ್ಯೆ ಭಜನೆಗೆ ಬರುವ ತತ್ವಪದದವರನ್ನು ಒಮ್ಮೆ ಕೂತು ಕೇಳಿ. ಅಕ್ಷರ ಬಾರದವರು, ಏಕತಾರಿ ಹಿಡಿದರೆ ಬೆಳಗಾಗುವವರೆಗೂ ಹಾಡುತ್ತಾರೆ. ಒಬ್ಬರು ಒಂದು ನುಡಿ ತಪ್ಪಿದರೆ ಪಕ್ಕದವರು ಎತ್ತಿಕೊಡುತ್ತಾರೆ. ಆ ಎತ್ತಿಕೊಡುವುದು ಇದೆಯಲ್ಲ, ಅದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿದ್ದರೆ ಮಾತ್ರ ಆಗುವ ಕೆಲಸ.

ಮಸ್ಕಿ ಹುಡುಗಿ (ರಾಯಚೂರು):

ಮೇಷ್ಟ್ರೇ, ನೀವು ಹೇಳಿದ್ದು ಒಪ್ಪಿದೆ. ಒಂದೇ ಒಂದು ತಕರಾರು. ಮಿಲ್ಡ್ರೆಡ್ ಹತ್ತಿರ ಹೇಳಲು ಏನೂ ಇಲ್ಲ ಅನ್ನಬೇಡಿ. ಕಾದಂಬರಿಯ ಶುರುವಿನಲ್ಲೇ ಅವಳು ಬಾಟಲಿ ತುಂಬಾ ನಿದ್ದೆ ಮಾತ್ರೆ ನುಂಗಿ ಬಿದ್ದಿರುತ್ತಾಳೆ. ಫೋನ್ ಮಾಡಿದರೆ ಡಾಕ್ಟರ್ ಬರಲ್ಲ, ಮಷೀನ್ ಹಿಡಿದು ಇಬ್ಬರು ಕೆಲಸಗಾರರು ಬಂದು ಹೊಟ್ಟೆ ತೊಳೆದು, ರಕ್ತ ಬದಲಿಸಿ ಹೋಗುತ್ತಾರೆ. ಇಂಥವು ರಾತ್ರಿಗೆ ಒಂಬತ್ತು ಹತ್ತು ಬರುತ್ತವೆ ಅನ್ನುತ್ತಾರೆ. ಬೆಳಿಗ್ಗೆ ಎದ್ದು ಅವಳು ನಾನು ಅಂಥದ್ದೇನೂ ಮಾಡೇ ಇಲ್ಲ ಅನ್ನುತ್ತಾಳೆ. ಕಲ್ಲಾಗಿರುವವಳು ಮಾತ್ರೆ ನುಂಗುತ್ತಾಳಾ? ಒಳಗೆ ಸಂಕಟ ಇದೆ, ಅದನ್ನು ಹೇಳುವ ಮಾತು ಅವಳಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಗವಿಬೆಟ್ಟ (ಕೊಪ್ಪಳ):

ಈ ರಾತ್ರಿಗೆ ಒಂಬತ್ತು ಹತ್ತು ಅನ್ನೋ ಸಾಲನ್ನು ನಾನು ಓದಿಯೂ ಹಾಗೇ ದಾಟಿಬಿಟ್ಟಿದ್ದೆ. ಬೀಟಿಗೆ ಉತ್ತರ ಅಲ್ಲೇ ಇದೆಯಲ್ಲ ತಂಗಿ! ಜನ ಕೇಳಿದ್ದನ್ನೇ ಕೊಟ್ಟೆವು, ಸುಖವಾಗಿದ್ದಾರೆ ಅನ್ನುತ್ತಾನೆ ಅವನು. ಸುಖವಾಗಿದ್ದರೆ ಆ ಮಷೀನ್ ರಾತ್ರಿಯೆಲ್ಲಾ ಮನೆಮನೆ ಯಾಕೆ ತಿರುಗುತ್ತೆ? ಮುಂದಿನ ತಿಂಗಳು ಸೇರಿದಾಗ ಮೊದಲು ಆ ಪುಟವನ್ನೇ ಓದಿಸುತ್ತೇನೆ, ಬೀಟಿ ಭಾಷಣ ಆಮೇಲೆ. ಮೇಷ್ಟ್ರೇ, ಬಸ್ಸಿಗೆ ತ್ರಾಸ ಆಗದಿದ್ದರೆ ನೀವೂ ಬನ್ನಿ, ತತ್ವಪದದ ಮಾತು ನಮ್ಮ ಹುಡುಗರಿಗೆ ನೀವೇ ಹೇಳಬೇಕು.